ಮಳೆಗೆ ಜಗ್ಗದ ಮುಚ್ಚಿಗೆ

ಹಾಡಿದವರ ಹೆಸರು ಉಳಿಯುತ್ತದೆ. ಪಕ್ಕವಾದ್ಯ ನುಡಿಸಿದವರ ಹೆಸರು ಒಂದಿಷ್ಟು ಕಾಲ ಉಳಿಯುತ್ತದೆ. ವಾದ್ಯ ಮಾಡಿಕೊಟ್ಟವರ ಹೆಸರನ್ನು ಯಾರೂ ಕೇಳುವುದಿಲ್ಲ. ಕಚೇರಿ ಮುಗಿದ ಮೇಲೆ ಹಾರ ಯಾರ ಕೊರಳಿಗೆ ಬೀಳುತ್ತದೆ, ಯಾರು ಸಭೆಯ ಹೊರಗೇ ನಿಂತಿರುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಹೀಗಿರುವಾಗ ಅಮೆರಿಕದ ರೆಮೋ ಬೆಲ್ಲಿ ಎಂಬುವರ ಬದುಕು ನನಗೆ ಬಹಳ ಕುತೂಹಲದ್ದಾಗಿ ಕಾಣುತ್ತದೆ. ಅವರು ಜಾಜ್ ಸಂಗೀತದ ಡ್ರಮ್ ವಾದಕರಾಗಿ ಹೊರಟವರು. ಆ ವಾದನವನ್ನು ನೆನಪಿಟ್ಟುಕೊಂಡವರು ಇಂದು ಹೆಚ್ಚು ಮಂದಿ ಇರಲಾರರು. ಆದರೆ ಅವರು ಮಾಡಿದ ಮುಚ್ಚಿಗೆಯ ಮೇಲೆ ಸಣ್ಣದೊಂದು ಕಿರೀಟದ ಗುರುತಿನೊಂದಿಗೆ ಅವರ ಹೆಸರು ಅಚ್ಚಾಗಿ, ಡ್ರಮ್ ಇರುವ ದೇಶಗಳಿಗೆಲ್ಲ ಹೋಗಿ ಬಂದಿದೆ. ಕೊನೆಗಾಲದಲ್ಲಿ ಅವರು ಇನ್ನೊಂದು ದಾರಿ ಹಿಡಿದರು. ಎಂದೂ ವಾದ್ಯ ಮುಟ್ಟದ ಜನರ ಕೈಗೆ ವಾದ್ಯ ಕೊಟ್ಟು, ‘ಬಾರಿಸಿ ನೋಡಿ’ ಎನ್ನತೊಡಗಿದರು. ವಾದಕ, ವಾದ್ಯಕಾರ, ಒಂದು ಬಗೆಯ ಮೇಷ್ಟ್ರು: ಹೀಗೆ ಮೂರು ವೇಷ ಅವರದು. ಮೂರರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲು ಜಾಜ್ ಬಗ್ಗೆ ಎರಡು ಮಾತು. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕರಿಯ ಜನರ ನಡುವೆ ಬೆಳೆದ ಸಂಗೀತವಿದು. ಡ್ರಮ್ ಸೆಟ್ ಎಂದು ನಾವು ಕರೆಯುವ ವಾದ್ಯವೂ ಹೆಚ್ಚುಕಡಿಮೆ ಈ ಸಂಗೀತದ ಜೊತೆಯಲ್ಲೇ ಬೆಳೆಯಿತು. ಮೆರವಣಿಗೆಯಲ್ಲಿ ಮೂರು ನಾಲ್ಕು ಜನ ಹೊತ್ತು ಬಾರಿಸುತ್ತಿದ್ದ ದೊಡ್ಡ ಡ್ರಮ್, ಸಣ್ಣ ಡ್ರಮ್, ತಾಳ ಎಲ್ಲವನ್ನೂ ಒಬ್ಬನೇ ಕುರ್ಚಿಯ ಮೇಲೆ ಕುಳಿತು ಎರಡು ಕೈ ಎರಡು ಕಾಲಿನಿಂದ ನಿಭಾಯಿಸುವ ಏರ್ಪಾಡು ಅದು. ಮನೆಯಲ್ಲಿ ಒಲೆ, ತೊಟ್ಟಿಲು, ಬಾಗಿಲು, ಹಾಲಿನವನು ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವವಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಜಾಜ್ ಡ್ರಮ್ ವಾದಕ ಬರಿಯ ಲೆಕ್ಕ ಹಿಡಿಯುವವನಲ್ಲ. ಮುಂದೆ ನುಡಿಸುವವನ ಮನಸ್ಸನ್ನು ಅರಿತು ಹಿಂಬಾಲಿಸುತ್ತಾನೆ, ಉತ್ತರ ಕೊಡುತ್ತಾನೆ, ತನ್ನ ಸರದಿ ಬಂದಾಗ ಒಬ್ಬನೇ ನುಡಿಸುತ್ತಾನೆ. ನಮ್ಮ ಮೃದಂಗದ ತನಿ ಆವರ್ತನ ಕೇಳಿ ಬಲ್ಲವರಿಗೆ ಅದು ತೀರ ಪರಕೀಯವೇನಲ್ಲ.

ಬೆಲ್ಲಿ ಹುಟ್ಟಿದ್ದು 1927ರಲ್ಲಿ, ಇಂಡಿಯಾನಾ ರಾಜ್ಯದ ಮಿಶಾವಾಕಾ ಎಂಬ ಊರಿನಲ್ಲಿ. ತಂದೆ ತಾಯಿ ಇಟಲಿಯಿಂದ ವಲಸೆ ಬಂದವರು. ಹುಡುಗನಾಗಿದ್ದಾಗಲೇ ಡ್ರಮ್ಮಿನ ಹುಚ್ಚು ಹತ್ತಿತು. ಕೆಲಕಾಲ ನೌಕಾಪಡೆಯ ಬ್ಯಾಂಡಿನಲ್ಲಿದ್ದು, ಆಮೇಲೆ ಸಂಗೀತದಿಂದಲೇ ಹೊಟ್ಟೆ ಹೊರೆಯಬೇಕೆಂದು ಲಾಸ್ ಏಂಜಲೀಸ್‌ಗೆ ಬಂದರು. ಅನಿತಾ ಓಡೇ, ಬೆಟ್ಟಿ ಹಟನ್ ಅವರಂಥ ಹೆಸರುವಾಸಿ ಗಾಯಕಿಯರಿಗೆ ಸಾಥ್ ಕೊಟ್ಟರು. 1952ರಲ್ಲಿ ರಾಯ್ ಹಾರ್ಟ್ ಎಂಬ ಇನ್ನೊಬ್ಬ ಜಾಜ್ ಡ್ರಮ್ ವಾದಕರ ಜೊತೆ ಸೇರಿ ಹಾಲಿವುಡ್‌ನಲ್ಲಿ ‘ಡ್ರಮ್ ಸಿಟಿ’ ಎಂಬ ಅಂಗಡಿ ತೆರೆದರು. ಬರಿಯ ಡ್ರಮ್ಮುಗಳ ಅಂಗಡಿ. ಸಂಗೀತಗಾರ ಅಂಗಡಿ ಇಟ್ಟ ಎಂದರೆ ಕೆಲವರು ಮೂಗು ಮುರಿಯುತ್ತಾರೆ. ನನಗಂತೂ ಅಲ್ಲಿಂದಲೇ ಅವರ ನಿಜವಾದ ವಿದ್ಯಾಭ್ಯಾಸ ಶುರುವಾಯಿತು ಎನ್ನಿಸುತ್ತದೆ. ವೇದಿಕೆಯ ಮೇಲೆ ಕುಳಿತವನಿಗೆ ತನ್ನ ಡ್ರಮ್ಮಿನ ತಾಪತ್ರಯ ಮಾತ್ರ ಗೊತ್ತು. ಅಂಗಡಿಯಲ್ಲಿ ನಿಂತವನಿಗೆ ಊರಿನ ಎಲ್ಲ ಡ್ರಮ್ಮುಗಳ ತಾಪತ್ರಯ ಗೊತ್ತಾಗುತ್ತದೆ.

ಆ ತಾಪತ್ರಯಕ್ಕೆ ಹೆಸರು ತೊಗಲು. ಆಗ ಡ್ರಮ್ಮುಗಳಿಗೆಲ್ಲ ಕರುವಿನ ಚರ್ಮದ ಮುಚ್ಚಿಗೆ. ಒಣ ಚರ್ಮವನ್ನು ನೀರಿನಲ್ಲಿ ನೆನೆಸಿ, ಮರದ ಬಳೆಗೆ ಮಡಚಿ ಸುತ್ತಿ, ಒಣಗಲು ಬಿಟ್ಟು, ಆಮೇಲೆ ಡ್ರಮ್ಮಿಗೆ ಕೂರಿಸಬೇಕು. ಹದ ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟು ಮಾಡಿದ ಮೇಲೂ ನೆಮ್ಮದಿಯಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಚರ್ಮ ಅದನ್ನು ಹೀರಿ ಸಡಿಲಾಗುತ್ತದೆ, ಸದ್ದು ಬಡ್ಡಾಗುತ್ತದೆ. ಒಣಹವೆಯಾದರೆ ಬಿಗಿದುಕೊಂಡು ಶ್ರುತಿ ಮೇಲೇರುತ್ತದೆ, ಕೆಲವೊಮ್ಮೆ ಬಿರಿದೇ ಹೋಗುತ್ತದೆ. ಡ್ರಮ್ಮಿನ ಹೊಟ್ಟೆಯೊಳಗೆ ವಿದ್ಯುತ್ ಬಲ್ಬು ಉರಿಸಿ ಚರ್ಮವನ್ನು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದ ವಾದಕರೂ ಇದ್ದರು.

ನಮಗೆ ಇದು ಹೊಸ ಸಂಗತಿಯಲ್ಲ. ಜಾತ್ರೆಯಲ್ಲಿ ತಮಟೆಯವರು ಬಾರಿಸುವ ಮೊದಲು ಹುಲ್ಲು ಸೌದೆ ಉರಿಹಾಕಿ ತಮಟೆ ಕಾಯಿಸುವುದನ್ನು ನೋಡುತ್ತಲೇ ಬೆಳೆದವರು ನಾವು. ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮಳೆಗಾಲ ಕಳೆಯುವವರೆಗೆ ತಿರುಗಾಟ ನಿಲ್ಲಿಸುವುದೂ ಮಳೆಯ ಮಾತೇ. ನಮ್ಮ ಹಿರಿಯರು ಮಳೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಅಮೆರಿಕದ ವಾದಕನಿಗೆ ಆ ಒಪ್ಪಂದ ಸಾಧ್ಯವಿರಲಿಲ್ಲ. ಇಂದು ರಾತ್ರಿ ಒಂದೂರು, ನಾಳೆ ರಾತ್ರಿ ಇನ್ನೊಂದೂರು. ಒಂದೂರಲ್ಲಿ ಸೆಕೆ, ಇನ್ನೊಂದೂರಲ್ಲಿ ಹಿಮ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಇವರ ಪಾಲಿಗೆ ನೆಲ ನಿಜಕ್ಕೂ ಡೊಂಕಾಗಿತ್ತು.

ಪಾಲಿಯೆಸ್ಟರ್ ಹಾಳೆ ಬಂದದ್ದು ಇಂಥ ಹೊತ್ತಿನಲ್ಲಿ. ಡೂಪಾಂಟ್ ಕಂಪನಿ ಮೈಲಾರ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ತೆಳ್ಳನೆಯ, ಬಲವಾದ ಹಾಳೆ. ನಮ್ಮಲ್ಲಿ ಒಂದು ಕಾಲಕ್ಕೆ ಟೆರಿಲಿನ್ ಸೀರೆ, ಟೆರಿಲಿನ್ ಷರ್ಟು ಎಂದು ಬಂತಲ್ಲ, ಮೂಲದಲ್ಲಿ ಅದೇ ವಸ್ತು. ಒಂದು ನೂಲಾಗಿ ಬಂತು, ಇನ್ನೊಂದು ಹಾಳೆಯಾಗಿ ಬಂತು. ನೀರು ಕುಡಿಯುವುದಿಲ್ಲ, ಬೇಗ ಹರಿಯುವುದಿಲ್ಲ. ಇದನ್ನು ಡ್ರಮ್ಮಿಗೆ ಹಾಕಬಹುದೆಂದು ಮೊದಲು ಹೊಳೆದದ್ದು ಬೆಲ್ಲಿಯವರಿಗಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 1953ರಲ್ಲೇ ಜಿಮ್ ಅರ್ವಿನ್ ಎಂಬುವರು ಡ್ಯೂಕ್ ಎಲಿಂಗ್ಟನ್ ವಾದ್ಯವೃಂದದಲ್ಲಿದ್ದ ಹಿರಿಯ ಡ್ರಮ್ ವಾದಕ ಸನ್ನಿ ಗ್ರೀರ್ ಅವರಿಗೆ ಇಂಥದೊಂದು ಮುಚ್ಚಿಗೆ ಮಾಡಿಕೊಟ್ಟಿದ್ದರು. ಚಿಕ್ ಇವಾನ್ಸ್ ಎಂಬ ಇನ್ನೊಬ್ಬ ಡ್ರಮ್ ವಾದಕ 1956ರಲ್ಲಿ ಮಾರಾಟಕ್ಕೇ ತಂದಿದ್ದರು. ಬೆಲ್ಲಿ ಮೂರನೆಯವರು. ಜಾಹೀರಾತು ಎಂದಿಗೂ ಮೂರನೆಯವರನ್ನೇ ಮೊದಲಿಗರನ್ನಾಗಿ ಮಾಡಿಬಿಡುತ್ತದೆ; ನಾವು ಹಾಗೆ ಮಾಡಬೇಕಾಗಿಲ್ಲ.

ಹಾಗಾದರೆ ಅವರ ಹೆಚ್ಚುಗಾರಿಕೆ ಏನು? ಹಾಳೆ ಸಿಕ್ಕಿದ್ದು ಅರ್ಧ ಕೆಲಸ. ಅದನ್ನು ಹಿಡಿದು ನಿಲ್ಲಿಸುವುದು ಇನ್ನರ್ಧ. ಚರ್ಮವನ್ನು ಹಸಿಯಾಗಿ ಬಳೆಗೆ ಸುತ್ತಿದರೆ ಒಣಗುವಾಗ ತಾನೇ ಬಿಗಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಮೊಳೆ ಹೊಡೆದು ಬಿಗಿದರೆ ಮೊಳೆಯ ತೂತಿನಲ್ಲೇ ಹರಿಯುತ್ತದೆ. ಮಡಚಿ ಸಿಕ್ಕಿಸಿದರೆ ಜಾರುತ್ತದೆ. ಇಲ್ಲಿ ಬೆಲ್ಲಿಯವರಿಗೆ ನೆರವಾದವರು ಸ್ಯಾಮ್ ಮಚ್ನಿಕ್ ಎಂಬ ರಸಾಯನಶಾಸ್ತ್ರಜ್ಞ. ಹಾಳೆಯ ಅಂಚಿನ ಸುತ್ತ ಸಾಲಾಗಿ ತೂತು ಮಾಡಿ, ಆ ಅಂಚನ್ನು ಕಾಲುವೆಯಂತಿರುವ ಅಲ್ಯೂಮಿನಿಯಂ ಬಳೆಯೊಳಗೆ ಇಳಿಸಿ, ದ್ರವರೂಪದ ಅಂಟು ಸುರಿದರು. ಅಂಟು ತೂತುಗಳಲ್ಲಿ ತೂರಿಕೊಂಡು ಗಟ್ಟಿಯಾದಾಗ ಹಾಳೆ, ಬಳೆ, ಅಂಟು ಮೂರೂ ಒಂದಾದವು. ಇನ್ನು ಜಾರುವ ಮಾತಿಲ್ಲ. 1957ರಲ್ಲಿ ರೆಮೋ ಕಂಪನಿ ಹುಟ್ಟಿತು. ಮುಚ್ಚಿಗೆಗೆ ‘ವೆದರ್ ಕಿಂಗ್’ ಎಂದು ಹೆಸರಿಟ್ಟರು, ಹವಾಮಾನದ ದೊರೆ ಎಂದು. ಕಿರೀಟದ ಗುರುತು ಅಲ್ಲಿಂದ ಬಂತು. ಹೆಸರಿನಲ್ಲಿ ಸ್ವಲ್ಪ ಜಂಭ ಇದೆ, ಆದರೆ ಸುಳ್ಳಿಲ್ಲ.

ಹೊಸದನ್ನು ಕಂಡುಹಿಡಿಯುವ ಜಾಣತನ ಒಂದು. ಅದು ದಿನಾ ಬಳಸಿದರೂ ಕೈಕೊಡದಂತೆ ಮಾಡುವ ಜಾಣತನ ಇನ್ನೊಂದು. ಮೊದಲಿನದಕ್ಕೆ ಪದಕ ಸಿಗುತ್ತದೆ, ಎರಡನೆಯದರಿಂದ ಲೋಕ ನಡೆಯುತ್ತದೆ. ಅಡುಗೆಮನೆಯಲ್ಲಿ ದಿನ ಕಳೆದವರು ಎರಡನೆಯದರ ಬೆಲೆಯನ್ನು ಬೇಗ ಗುರುತಿಸುತ್ತಾರೆ.

ಇನ್ನು ನಾದದ ವಿಷಯ. ಬೆಲ್ಲಿಯವರನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿ ಅವಸರ ಮಾಡಿ ಮುಂದೆ ಹೋಗಿಬಿಡುತ್ತಾರೆ. ಪ್ಲಾಸ್ಟಿಕ್ಕಿನ ಸದ್ದು ಚರ್ಮದ ಸದ್ದಲ್ಲ. ಚರ್ಮ ಒಂದೇ ದಪ್ಪ ಇರುವುದಿಲ್ಲ, ನಾರುನಾರಾಗಿರುತ್ತದೆ, ಪೆಟ್ಟನ್ನು ಸ್ವಲ್ಪ ನುಂಗಿಕೊಂಡು ಮೃದುವಾಗಿ ಮಾತಾಡುತ್ತದೆ. ಪಾಲಿಯೆಸ್ಟರ್ ಎಲ್ಲೆಡೆ ಒಂದೇ ಸಮ. ಅದರ ದನಿ ಚುರುಕು, ಸ್ವಲ್ಪ ಚೂಪು. ಗಂಜಿ ಹಾಕಿದ ಹತ್ತಿ ಸೀರೆಗೂ ಟೆರಿಲಿನ್ ಸೀರೆಗೂ ಇರುವ ಅಂತರವೇ ಇದು. ಟೆರಿಲಿನ್ ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬಸ್ಸಿನಲ್ಲಿ ಓಡಾಡುವವಳಿಗೆ ವರ. ಆದರೂ ಹಬ್ಬಕ್ಕೆ ಉಡುವಾಗ ಕೈ ಹೋಗುವುದು ಎಲ್ಲಿಗೆ? ಮೆಲ್ ಲೂಯಿಸ್ ಎಂಬ ದೊಡ್ಡ ಜಾಜ್ ವಾದಕರು ಕೊನೆಯವರೆಗೂ ಕರುವಿನ ಚರ್ಮವನ್ನು ಬಿಡಲಿಲ್ಲ. ಅವರು ತೀರಿಕೊಂಡದ್ದು 1990ರಲ್ಲಿ. ಅಂದರೆ ಪ್ಲಾಸ್ಟಿಕ್ ಬಂದು ಮೂವತ್ತಮೂರು ವರ್ಷ ಕಳೆದ ಮೇಲೆ. ಅದು ಬರಿಯ ಹಟವಲ್ಲ. ಕಿವಿಗೆ ಬೇಕಾದದ್ದು ಯಾವುದೆಂದು ತಿಳಿದವರ ಆಯ್ಕೆ.

ಬೆಲ್ಲಿಯವರೂ ಇದನ್ನು ಅರಿಯದವರಲ್ಲ. ಅವರು ಜಾಜ್ ನುಡಿಸಿದವರು ಎಂಬುದು ಕೆಲಸಕ್ಕೆ ಬಂದದ್ದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ. ಜಾಜ್‌ನಲ್ಲಿ ಮೆಲ್ಲನೆಯ ಹಾಡಿಗೆ ಕೋಲು ಬಿಟ್ಟು ತಂತಿಯ ಬ್ರಷ್ ಹಿಡಿಯುತ್ತಾರೆ. ಬ್ರಷ್ಷನ್ನು ಡ್ರಮ್ಮಿನ ಮೇಲೆ ದುಂಡಗೆ ಎಳೆದಾಗ ಒಣ ಎಲೆಯ ಮೇಲೆ ಗಾಳಿ ಸುಳಿದಂತೆ ಸರಸರ ಸದ್ದು ಬರಬೇಕು. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಅದು ಬರುವುದಿಲ್ಲ. ಅದಕ್ಕಾಗಿ ಹಾಳೆಯ ಮೇಲೆ ಒರಟಾದ ಬಿಳಿಯ ಲೇಪ ಬಂತು. ಆ ಬಿಳಿಯ ಮುಚ್ಚಿಗೆ ಇಂದಿಗೂ ಜಾಜ್‌ನವರ ಮೆಚ್ಚಿನದು. ಮುಂದೆ ಚರ್ಮದ ದನಿಯನ್ನೇ ಅನುಸರಿಸಲು ನೋಡುವ ‘ಫೈಬರ್‌ಸ್ಕಿನ್’ ಮುಂತಾದ ಬಗೆಗಳನ್ನೂ ಕಂಪನಿ ತಂದಿತು. ತಾನು ಓಡಿಸಿದ ವಸ್ತುವಿನ ದನಿಯನ್ನೇ ಮತ್ತೆ ಹುಡುಕಿಕೊಂಡು ಹೋಗುವುದರಲ್ಲಿ ಒಂದು ಸಣ್ಣ ನಗು ಇದೆ. ಆದರೆ ಪ್ರಾಮಾಣಿಕತೆಯೂ ಇದೆ.

ಪ್ಲಾಸ್ಟಿಕ್ ಮುಚ್ಚಿಗೆಯ ನಿಜವಾದ ಸುಗ್ಗಿ ಜಾಜ್‌ನಿಂದ ಬರಲಿಲ್ಲ, ಅದರ ನಂತರ ಬಂದ ಗದ್ದಲದ ಸಂಗೀತದಿಂದ ಬಂತು. 1964ರಲ್ಲಿ ಬೀಟಲ್ಸ್ ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡಾಗ, ರಿಂಗೋ ಸ್ಟಾರ್ ಅವರ ದೊಡ್ಡ ಡ್ರಮ್ಮಿನ ಮುಂದಿನ ಮುಚ್ಚಿಗೆಯ ಮೇಲೆ ತಂಡದ ಹೆಸರಿನ ಜೊತೆಗೆ ಆ ಸಣ್ಣ ಕಿರೀಟವೂ ಇತ್ತು. ಆಮೇಲೆ ಊರೂರಿನ ಹುಡುಗರಿಗೆಲ್ಲ ಡ್ರಮ್ ಬೇಕಾಯಿತು. ಅಷ್ಟು ಡ್ರಮ್ಮಿಗೆ ಹೊದಿಸಲು ಅಷ್ಟು ಕರುಗಳನ್ನು ಎಲ್ಲಿಂದ ತರುವುದು? ಗಟ್ಟಿಯಾಗಿ ಬಡಿದರೂ ತಾಳುವ, ಎಲ್ಲ ಊರಿನಲ್ಲೂ ಒಂದೇ ಥರ ಇರುವ, ಹಾಳಾದರೆ ಅಂಗಡಿಯಿಂದ ತಂದು ತಾನೇ ಬದಲಿಸಿಕೊಳ್ಳಬಹುದಾದ ಮುಚ್ಚಿಗೆಯಿಲ್ಲದೆ ಆ ಸಂಗೀತ ಅಷ್ಟು ಹರಡುತ್ತಿರಲಿಲ್ಲ. ಜಾಜ್ ವಾದಕನೊಬ್ಬ ಮಾಡಿದ ವಸ್ತು, ಜಾಜ್ ಅನ್ನು ಮೂಲೆಗೆ ತಳ್ಳಿದ ಸಂಗೀತಕ್ಕೆ ಮೆಟ್ಟಿಲಾಯಿತು. ಇದನ್ನು ಅವರ ತಪ್ಪೆಂದು ನಾನು ಹೇಳುವುದಿಲ್ಲ. ಕೊಡಲಿ ಮಾಡಿದ ಕಮ್ಮಾರ ಯಾವ ಮರ ಬೀಳಬೇಕೆಂದು ಹೇಳಲಾರ.

ಅವರ ಬದುಕಿನ ಮೂರನೆಯ ಪಾಲೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಬೆಲ್ಲಿಯವರ ಗಮನ ವೃತ್ತಿವಾದಕರಿಂದ ಸಾಮಾನ್ಯ ಜನರ ಕಡೆ ತಿರುಗಿತು. ಕಂಪನಿ ಕೈಯಿಂದ ಬಾರಿಸುವ ಡ್ರಮ್ಮುಗಳನ್ನು ಮಾಡತೊಡಗಿತು: ಪಶ್ಚಿಮ ಆಫ್ರಿಕದ ಜೆಂಬೆ, ಕಂಜಿರದಂತೆ ಚೌಕಟ್ಟಿಗೆ ಹೊದಿಸಿದ ಡ್ರಮ್ಮುಗಳು, ಇಂಥವು. ಅಪರಿಚಿತರು ದುಂಡಗೆ ಕುಳಿತು ಒಟ್ಟಿಗೆ ಬಾರಿಸುವ ‘ಡ್ರಮ್ ಸರ್ಕಲ್’ ಎಂಬ ಕೂಟಗಳನ್ನು ಅವರು ಪ್ರೋತ್ಸಾಹಿಸಿದರು. ನಾರ್ತ್ ಹಾಲಿವುಡ್‌ನಲ್ಲಿ ಅದಕ್ಕೆಂದೇ ಒಂದು ಕೇಂದ್ರ ತೆರೆದರು. ಅಲ್ಲಿ ಕಾಸು ತೆಗೆದುಕೊಳ್ಳದೆ ಜನರನ್ನು ಕೂರಿಸಿ ಬಾರಿಸಲು ಬಿಡುತ್ತಿದ್ದರು. ಪರೀಕ್ಷೆಯಿಲ್ಲ, ಕಚೇರಿಯಿಲ್ಲ, ತಪ್ಪು ತಾಳ ಎಂದು ತೊಡೆ ತಟ್ಟಿ ತೋರಿಸುವವರಿಲ್ಲ.

ಇದನ್ನು ಪಾಠ ಎನ್ನಬಹುದೇ? ವರ್ಷಗಟ್ಟಲೆ ಕಪ್ಪು ಹಲಗೆಯ ಮುಂದೆ ನಿಂತವಳಾಗಿ ನನಗೆ ಇಲ್ಲಿ ಅನುಮಾನ ಇದೆ. ಕಲಿಕೆಗೆ ಕ್ರಮ ಬೇಕು. ತಕದಿಮಿ ತಕಜಣು ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ಕೂರಿಸುವ ಶಿಸ್ತಿಲ್ಲದೆ ವಿದ್ಯೆ ಮೈಗೆ ಹತ್ತುವುದಿಲ್ಲ. ಒಂದು ಸಂಜೆ ಬಾರಿಸಿ ಎದ್ದುಹೋದವನಿಗೆ ಡ್ರಮ್ ಬಂತು ಎಂದರೆ, ಒಂದು ದಿನ ಬಾಲವಾಡಿಯಲ್ಲಿ ಕುಳಿತ ಮಗುವಿಗೆ ಓದು ಬಂತು ಎಂದ ಹಾಗೆ. ಆದರೆ ಬಾಲವಾಡಿಗೆ ಬೆಲೆಯಿಲ್ಲ ಎಂದೂ ಹೇಳಲಾರೆ. ಮಗುವಿಗೆ ಶಾಲೆಯ ಭಯ ಬಿಡಿಸುವುದು ಅಕ್ಷರ ಕಲಿಸುವುದಕ್ಕಿಂತ ಮೊದಲಿನ ಕೆಲಸ. ‘ಇದು ನಮಗಲ್ಲ’ ಎಂದು ದೂರ ನಿಂತ ಕೈಗಳನ್ನು ಹತ್ತಿರ ಕರೆಯುವುದೂ ಮೇಷ್ಟರ ಕೆಲಸದ ಒಂದು ಪಾಲೇ. ಬೆಲ್ಲಿ ಆ ಪಾಲನ್ನಷ್ಟೇ ಮಾಡಿದರು, ಚೆನ್ನಾಗಿ ಮಾಡಿದರು.

ಹೀಗೆ ದೂರ ನಿಂತ ಕೈಗಳಲ್ಲಿ ಹೆಂಗಸರ ಕೈಗಳೇ ಹೆಚ್ಚು. ಅಮೆರಿಕದ ಕಥೆ ನಮ್ಮದಕ್ಕಿಂತ ಬಹಳ ಬೇರೆಯಲ್ಲ. ವಯೋಲಾ ಸ್ಮಿತ್ ಎಂಬ ಡ್ರಮ್ ವಾದಕಿ, ಗಂಡಸರೆಲ್ಲ ಯುದ್ಧಕ್ಕೆ ಹೋಗುತ್ತಿದ್ದ 1942ರಲ್ಲಿ, ‘ಡೌನ್ ಬೀಟ್’ ಎಂಬ ಜಾಜ್ ಪತ್ರಿಕೆಯಲ್ಲಿ ಲೇಖನ ಬರೆದು, ವಾದ್ಯವೃಂದಗಳಲ್ಲಿ ಹೆಂಗಸರಿಗೂ ಜಾಗ ಕೊಡಿ ಎಂದು ಕೇಳಬೇಕಾಯಿತು. ಆಕೆ 107 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಬೆಲ್ಲಿಯವರ ಕಂಪನಿಯೊಡನೆ ಸೇರಿ ಚೌಕಟ್ಟಿನ ಡ್ರಮ್ಮುಗಳನ್ನು ರೂಪಿಸಿದವರಲ್ಲಿ ಲೇನ್ ರೆಡ್‌ಮಂಡ್ ಎಂಬಾಕೆ ಇದ್ದರು. ಪ್ರಾಚೀನ ಕಾಲದ ಶಿಲ್ಪ ಚಿತ್ರಗಳಲ್ಲಿ ಡ್ರಮ್ ಹಿಡಿದ ಹೆಂಗಸರು ಎಷ್ಟೊಂದು ಇದ್ದಾರೆ, ಮತ್ತೆ ಯಾವಾಗ ಆ ಕೈಗಳು ಬರಿದಾದವು ಎಂದು ಹುಡುಕಿಕೊಂಡು ಹೋಗಿ 1997ರಲ್ಲಿ ಪುಸ್ತಕವನ್ನೇ ಬರೆದರು. ಅವರ ತೀರ್ಮಾನಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಪ್ರಶ್ನೆಯನ್ನಂತೂ ಒಪ್ಪಬೇಕು. ನಮ್ಮ ಬೇಲೂರಿನ ಮದನಿಕೆಯರಲ್ಲೂ ವಾದ್ಯ ಬಾರಿಸುವವಳು ಇದ್ದಾಳಲ್ಲ. ಕಲ್ಲಿನಲ್ಲಿ ಅವಳಿಗೆ ಇದ್ದ ಹಕ್ಕು ಊರಿನಲ್ಲಿ ನಮಗೆ ಇರಲಿಲ್ಲ.

ಇದೇ ಕಾಲದಲ್ಲಿ ಆರೋಗ್ಯದ ಮಾತೂ ಬಂತು. ಬ್ಯಾರಿ ಬಿಟ್‌ಮನ್ ಎಂಬ ವೈದ್ಯರು ಜೊತೆಗಾರರೊಂದಿಗೆ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 111 ಆರೋಗ್ಯವಂತರನ್ನು ತೆಗೆದುಕೊಂಡು, ಗುಂಪಿನಲ್ಲಿ ಡ್ರಮ್ ಬಾರಿಸಿದವರ ರಕ್ತದಲ್ಲಿ ರೋಗನಿರೋಧಕ ಕಣಗಳ ಚಟುವಟಿಕೆ ಹೆಚ್ಚಿತೆಂದು ತೋರಿಸಿದ ಅಧ್ಯಯನ ಅದು. ಅದೇ ವೈದ್ಯರ ಜೊತೆ ಸೇರಿ ಕಂಪನಿ ‘ಹೆಲ್ತ್ ರಿದಮ್ಸ್’ ಎಂಬ ಕಾರ್ಯಕ್ರಮ ರೂಪಿಸಿತು. ಇಲ್ಲಿ ಓದುಗರು ಸ್ವಲ್ಪ ನಿಧಾನಿಸಬೇಕು. ಡ್ರಮ್ ಮಾರುವವರೇ ಡ್ರಮ್ ಆರೋಗ್ಯಕ್ಕೆ ಒಳ್ಳೆಯದು ಎಂದಾಗ, ತನ್ನ ಮೊಸರು ಹುಳಿ ಎಂದು ಯಾವ ಗೊಲ್ಲತಿ ಹೇಳಿದ್ದಾಳೆ ಎಂಬ ಮಾತು ನೆನಪಾಗಬೇಕು. ನೂರೆಂಬತ್ತು ಜನರೂ ಇಲ್ಲದ, ಆರೋಗ್ಯವಾಗಿದ್ದವರ ಮೇಲೆಯೇ ನಡೆದ ಒಂದು ಅಧ್ಯಯನದಿಂದ ಡ್ರಮ್ ಕಾಯಿಲೆ ಗುಣಪಡಿಸುತ್ತದೆ ಎಂದು ಹೇಳಲು ಬರುವುದಿಲ್ಲ. ನಾಲ್ಕು ಜನ ಕೂಡಿ ಏನಾದರೊಂದು ಮಾಡಿದರೆ ಮನಸ್ಸು ಹಗುರಾಗುತ್ತದೆ. ಅದಕ್ಕೆ ರಕ್ತಪರೀಕ್ಷೆ ಬೇಕಿಲ್ಲ. ಭಜನೆಗೆ ಹೋಗಿಬಂದವರ ಮುಖ ನೋಡಿದರೆ ಸಾಕು. ಬೆಲ್ಲಿಯವರ ಒಳ್ಳೆಯ ಕೆಲಸಕ್ಕೆ ಈ ಔಷಧದ ಚೀಟಿ ಅಂಟಿಸಬೇಕಾಗಿರಲಿಲ್ಲ.

ಇನ್ನೊಂದು ಆಕ್ಷೇಪವೂ ಇದೆ. ಜೆಂಬೆ ಪಶ್ಚಿಮ ಆಫ್ರಿಕದ ಜನ ಒಂದೇ ಮರದ ಬೊಡ್ಡೆಯನ್ನು ಕೊರೆದು, ಆಡಿನ ಚರ್ಮ ಹೊದಿಸಿ ಮಾಡುವ ವಾದ್ಯ. ಅದಕ್ಕೆ ಅದರದೇ ಹಾಡು, ಕುಣಿತ, ಮದುವೆ, ಸುಗ್ಗಿ ಇವೆ. ಕಾರ್ಖಾನೆಯ ಒಡಲಿಗೆ ಪಾಲಿಯೆಸ್ಟರ್ ಹೊದಿಸಿದ ಜೆಂಬೆಯ ಜೊತೆ ಅದ್ಯಾವುದೂ ಬರುವುದಿಲ್ಲ. ವಾದ್ಯದ ಆಕಾರ ಮಾರಾಟವಾಗುತ್ತದೆ, ಅದರ ಮನೆಮಾತು ಹಿಂದೆ ಉಳಿಯುತ್ತದೆ. ಎಲ್ಲರ ಕೈಗೂ ವಾದ್ಯ ಸಿಗಲಿ ಎಂಬ ಉದಾರತೆಯಲ್ಲೇ, ಅದನ್ನು ಸಾಕಿ ಸಲಹಿದವರನ್ನು ಮರೆಯುವ ಅಪಾಯ ಅಡಗಿದೆ.

ಈ ಮರೆವು ನಮ್ಮಲ್ಲಿ ಇನ್ನಷ್ಟು ಆಳವಾದದ್ದು. ಮೃದಂಗದ ಮುಚ್ಚಿಗೆಗೆ ಹಸು, ಎಮ್ಮೆ, ಆಡು ಈ ಮೂರರ ಚರ್ಮವೂ ಬೇಕು. ಅದನ್ನು ಆರಿಸಿ, ಹದಮಾಡಿ, ಪದರ ಪದರವಾಗಿ ಹೊದಿಸಿ, ಕರಣೆ ಹಾಕಿ ನಾದ ತರುವ ಕುಶಲಿಗರಲ್ಲಿ ಬಹಳ ಮಂದಿ ದಲಿತರು. ಅವರ ಬದುಕನ್ನು ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವಾಗಿ ಬರೆದಾಗಲೇ ಸಂಗೀತದ ಸಭೆಗಳಿಗೆ ಹೋಗುವ ಎಷ್ಟೋ ಜನಕ್ಕೆ ಆ ಕೈಗಳ ಸುದ್ದಿ ತಿಳಿದದ್ದು. ನಾದವನ್ನು ದೇವರೆಂದು ಪೂಜಿಸುವವರು ನಾದ ಕೊಡುವ ತೊಗಲನ್ನೂ ಆ ತೊಗಲು ಮುಟ್ಟಿದ ಮನುಷ್ಯನನ್ನೂ ಮೈಲಿಗೆ ಎಂದರು.

ನಮ್ಮ ಬೆಂಗಳೂರಿನಲ್ಲೇ ಮೃದಂಗ ವಾದಕರೂ ಎಂಜಿನಿಯರೂ ಆದ ಡಾ. ಕೆ. ವರದರಂಗನ್ ಚರ್ಮವಿಲ್ಲದ, ಕೃತಕ ಮುಚ್ಚಿಗೆಯ ಮೃದಂಗವನ್ನು ರೂಪಿಸಿದ್ದಾರೆ. ನುಡಿಸುವವರೇ ಮಾಡುವವರಾದ ಮಟ್ಟಿಗೆ ಅವರು ಬೆಲ್ಲಿಯವರ ದಾರಿಯವರು. ಮೃದಂಗದ ಕೆಲಸ ಡ್ರಮ್ಮಿನ ಕೆಲಸಕ್ಕಿಂತ ಕಷ್ಟದ್ದು. ಅಲ್ಲಿ ಬರಿಯ ಸದ್ದು ಸಾಲದು, ಷಡ್ಜಕ್ಕೆ ನಿಲ್ಲುವ ನಾದ ಬೇಕು. ಈ ಪ್ರಯತ್ನವನ್ನು ಗೌರವಿಸಲೇಬೇಕು. ದೂರದೇಶದಲ್ಲಿ ಕಲಿಯುವ ಮಕ್ಕಳಿಗೆ ಮುಚ್ಚಿಗೆ ಕಟ್ಟುವವರು ಸಿಗುವುದಿಲ್ಲ, ಪ್ರಾಣಿಹಿಂಸೆ ಬೇಡವೆನ್ನುವವರ ಮನಸ್ಸೂ ಇದೆ. ಆದರೆ ಇಂಥ ವಾದ್ಯವನ್ನು ಕೊಳ್ಳುವ ನಾವು ನಮ್ಮನ್ನೇ ಒಂದು ಮಾತು ಕೇಳಿಕೊಳ್ಳಬೇಕು. ಪ್ಲಾಸ್ಟಿಕ್ ನಮಗೆ ಮಳೆಯಿಂದ ಬಿಡುಗಡೆ ಕೊಡುತ್ತಿದೆಯೇ, ಅಥವಾ ಮೈಲಿಗೆಯ ಅಳುಕಿನಿಂದ ಸುಲಭದ ಬಿಡುಗಡೆ ಕೊಡುತ್ತಿದೆಯೇ? ಮೊದಲನೆಯದಾದರೆ ಸಂತೋಷ. ಎರಡನೆಯದಾದರೆ, ಅಳುಕನ್ನು ಹಾಗೇ ಇಟ್ಟುಕೊಂಡು ತೊಗಲಿನವರ ಅನ್ನವನ್ನು ಮಾತ್ರ ಕಳೆದ ಹಾಗಾಗುತ್ತದೆ. ಅಮೆರಿಕದಲ್ಲಿ ಚರ್ಮದ ಕಾರ್ಖಾನೆಯವನು ಬೇರೆ ಕಸುಬು ಹುಡುಕಿಕೊಂಡಿರಬಹುದು. ಹುಟ್ಟಿನಿಂದಲೇ ಕಸುಬನ್ನು ಹಣೆಗೆ ಬರೆದುಬಿಟ್ಟ ಊರಿನಲ್ಲಿ ಅದು ಅಷ್ಟು ಸುಲಭವಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷಕ್ಕೆ ಇದೂ ಒಂದು ಕಾರಣ. ಕಾಯಿಸಿದ ತೊಗಲಿನ ಸದ್ದು ಕೊನೆಗೂ ರಾಷ್ಟ್ರಪತಿ ಭವನದವರೆಗೆ ಕೇಳಿಸಿತು.

ಇಷ್ಟೆಲ್ಲ ಆಕ್ಷೇಪ ಎತ್ತಿದ ಮೇಲೂ ನಾನು ಬೆಲ್ಲಿಯವರ ಪರವಾಗಿಯೇ ನಿಲ್ಲುತ್ತೇನೆ. ಅದಕ್ಕೆ ಕಾರಣ ಆಗಸ್ಟ್ ಹದಿನೈದು. ನಮ್ಮ ಸ್ವಾತಂತ್ರ್ಯ ಬಂದದ್ದೇ ಮಳೆಗಾಲದಲ್ಲಿ. ಬಾವುಟ ಹಾರಿಸುವ ಹೊತ್ತಿಗೆ ಸರಿಯಾಗಿ ಸೋನೆ ಹಿಡಿಯುತ್ತದೆ. ಚರ್ಮದ ಸೈಡ್ ಡ್ರಮ್ಮಿದ್ದ ಕಾಲದಲ್ಲಿ ಆ ಹೊತ್ತಿಗೆ ಅದು ನೆನೆದ ರೊಟ್ಟಿಯಂತಾಗಿ, ಮಕ್ಕಳ ಹೆಜ್ಜೆಗೂ ಡ್ರಮ್ಮಿಗೂ ಸಂಬಂಧವೇ ಇರುತ್ತಿರಲಿಲ್ಲ. ಪ್ಲಾಸ್ಟಿಕ್ ಮುಚ್ಚಿಗೆ ಬಂದ ಮೇಲೆ ಮಳೆಯಲ್ಲೂ ಬ್ಯಾಂಡ್ ನಡೆಯುತ್ತದೆ. ಶಾಲೆಗೆ ಬರುವ ಡ್ರಮ್ಮಿನ ಮೇಲೆ ಯಾವ ಕಂಪನಿಯ ಹೆಸರೂ ಇರಬಹುದು. ಹಾಳೆಯನ್ನು ಬಳೆಯಲ್ಲಿ ಹಿಡಿದು ನಿಲ್ಲಿಸಬಹುದು ಎಂಬ ನಂಬಿಕೆ 1957ರ ಆಸುಪಾಸಿನದು. ಬಹುಕಾಲ ನಮ್ಮ ಶಾಲೆಗಳಲ್ಲಿ ಒಂದು ಹೇಳದ ನಿಯಮ ಇತ್ತು: ಪ್ರಾರ್ಥನೆ ಹುಡುಗಿಯರಿಗೆ, ಡ್ರಮ್ ಹುಡುಗರಿಗೆ. ಕೇಳಿದರೆ, ಡ್ರಮ್ ಬಿಗಿಯಲು ಬಲ ಬೇಕು, ಚರ್ಮ ಕಾಯಿಸಬೇಕು, ಹುಡುಗಿಯರ ಕೈಲಾಗದು ಎಂಬ ಉತ್ತರ. ಬಿಗಿಯುವ, ಕಾಯಿಸುವ ಕೆಲಸವೇ ಇಲ್ಲವಾದಾಗ ಆ ನೆಪವೂ ಬಿದ್ದುಹೋಯಿತು. ಇಂದು ಊರೂರ ಪ್ರಭಾತಫೇರಿಯಲ್ಲಿ ಎರಡು ಜಡೆ ಹಾಕಿದ ಹುಡುಗಿಯರು ಡ್ರಮ್ ಕಟ್ಟಿಕೊಂಡು ಮುಂದೆ ನಡೆಯುತ್ತಾರೆ. ಡೊಳ್ಳಿನಂಥ ಡೊಳ್ಳನ್ನೇ ಹೊತ್ತು ಕುಣಿಯುವ ಮಹಿಳಾ ತಂಡಗಳಿವೆ. ಬೆಂಗಳೂರಿನ ಸುಕನ್ಯಾ ರಾಮ್‌ಗೋಪಾಲ್ ಅವರು ಘಟವನ್ನೇ ಹಿಡಿದು, ತಾಳವಾದ್ಯ ಗಂಡಸರದು ಎಂಬ ಮಾತಿಗೆ ದಶಕಗಳಿಂದ ಉತ್ತರ ಕೊಟ್ಟುಕೊಂಡು ಬಂದಿದ್ದಾರೆ. ಅವರ ವಾದ್ಯಕ್ಕಂತೂ ತೊಗಲಿನ ಗೊಡವೆಯೇ ಇಲ್ಲ, ಬರಿಯ ಮಣ್ಣು. ಪ್ಲಾಸ್ಟಿಕ್ ಇವರನ್ನು ಹುಟ್ಟಿಸಲಿಲ್ಲ. ಇವರ ಛಲ ಇವರನ್ನು ಬೆಳೆಸಿತು. ಆದರೆ ಸಣ್ಣ ಊರಿನ ಸಣ್ಣ ಹುಡುಗಿಗೆ ಛಲ ಬರುವ ಮೊದಲು ಕೈಗೊಂದು ಕೋಲು ಸಿಗಬೇಕು. ಆ ಕೋಲಿನ ಕೆಳಗೆ ಮಳೆಯಲ್ಲೂ ಸದ್ದು ಮಾಡುವ ಒಂದು ಮುಚ್ಚಿಗೆ ಇರಬೇಕು.

ರೆಮೋ ಬೆಲ್ಲಿ 2016ರ ಏಪ್ರಿಲ್‌ನಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಾದಕರಾಗಿ ಅವರನ್ನು ಹಿರಿಯರ ಸಾಲಿನಲ್ಲಿ ಕೂರಿಸಲಾಗದು. ಕೂರಿಸಬೇಕೆಂದು ಅವರ ಅಭಿಮಾನಿಗಳೂ ಕೇಳುವುದಿಲ್ಲ. ಗುರು ಎನ್ನುವಷ್ಟು ಕ್ರಮವಾಗಿ ಅವರು ಪಾಠ ಹೇಳಲಿಲ್ಲ. ವಾದ್ಯಕಾರರಾಗಿ ಅವರು ನಾದವನ್ನು ಸ್ವಲ್ಪ ಬಡವಾಗಿಸಿದರು, ನಾದದ ಬಾಗಿಲನ್ನು ಬಹಳ ಅಗಲ ಮಾಡಿದರು. ಈ ಲೆಕ್ಕದಲ್ಲಿ ಕೂಡಿದ್ದು ಹೆಚ್ಚೋ ಕಳೆದದ್ದು ಹೆಚ್ಚೋ ಎಂಬುದು ನೀವು ಬಾಗಿಲ ಒಳಗೆ ಹುಟ್ಟಿದವರೋ ಹೊರಗೆ ನಿಂತವರೋ ಎಂಬುದರ ಮೇಲೆ ನಿಂತಿದೆ. ಒಳಗೆ ಹುಟ್ಟಿದವರು ಚರ್ಮದ ದನಿಗಾಗಿ ಹಂಬಲಿಸುತ್ತಾರೆ. ಆ ಹಂಬಲ ನಿಜವಾದದ್ದು, ಅದನ್ನು ಉಳಿಸಿಕೊಡುವ ಕೈಗಳಿಗೆ ತಕ್ಕ ಕೂಲಿಯೂ ಮರ್ಯಾದೆಯೂ ಸಿಗಬೇಕು. ಹೊರಗೆ ನಿಂತವಳಿಗೆ ಮೊದಲು ಬೇಕಾದದ್ದು ಬಾಗಿಲು.